ಚರಿತ್ರೆಯ ಪಾಠವೂ ಪೌರನ ವಿವೇಕವೂ

ನಮ್ಮ ಪಾಠಶಾಲೆಗಳಲ್ಲಿ ಬೋಧಿಸಲ್ಪಡುತ್ತಿರುವ ವಿಷಯಗಳೊಳಗೆ ಚರಿತ್ರೆ, ಪೌರನೀತಿಗಳಷ್ಟು ಘನವಾದ ಉದ್ದೇಶವನ್ನು ಹೊತ್ತುಕೊಂಡು, ಅವುಗಳಷ್ಟು ಅಲ್ಪವಾದ ಫಲವನ್ನು ಕೊಡುತ್ತಿರುವ ವಿಷಯಗಳು ಬೇರೆ ಇಲ್ಲ. ಗಣಿತವನ್ನು ಕಲಿತ ಬಾಲಕನು ಅಂಗಡಿಯ ಲೆಕ್ಕವನ್ನಾದರೂ ಮಾಡಬಲ್ಲನು. ಭಾಷೆಯನ್ನು ಕಲಿತವನು ಒಂದು ಕಾಗದವನ್ನಾದರೂ ಬರೆಯಬಲ್ಲನು. ಆದರೆ ವರ್ಷಗಟ್ಟಲೆ ಚರಿತ್ರೆಯನ್ನೂ ರಾಜ್ಯಾಂಗದ ಪಾಠಗಳನ್ನೂ ಓದಿ ಪರೀಕ್ಷೆಯಲ್ಲಿ ತೇರ್ಗಡೆಯಾದವನು, ಗತಕಾಲದ ವಿಷಯವಾಗಿ ಯಾರೋ ಹೇಳಿದ ಮಾತು ಕಿವಿಗೆ ಬಿದ್ದಾಗ ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಬಗೆಯನ್ನು ಅರಿಯನು. ತನ್ನ ಬೀದಿಯ ಚರಂಡಿ ಕಟ್ಟಿಕೊಂಡಾಗ ಯಾರನ್ನು, ಯಾವ ಅಧಿಕಾರದಿಂದ, ಯಾವ ಸಭೆಯಲ್ಲಿ ಪ್ರಶ್ನಿಸಬೇಕೆಂಬುದನ್ನೂ ಅರಿಯನು. ಉದ್ದೇಶಕ್ಕೂ ಫಲಕ್ಕೂ ನಡುವೆ ಬಿದ್ದಿರುವ ಈ ಅಂತರಕ್ಕೆ ಮಕ್ಕಳ ಬುದ್ಧಿಯನ್ನಾಗಲಿ ಉಪಾಧ್ಯಾಯರ ಶ್ರದ್ಧೆಯನ್ನಾಗಲಿ ದೂರುವುದು ನ್ಯಾಯವಲ್ಲ. ಈ ಎರಡು ವಿಷಯಗಳಿಂದ ಏನನ್ನು ಅಪೇಕ್ಷಿಸುತ್ತೇವೆಂಬ ಮೂಲಪ್ರಶ್ನೆಗೆ ನಾವು ಸ್ಪಷ್ಟವಾದ ಉತ್ತರವನ್ನು ಕಂಡುಕೊಳ್ಳದೆಯೇ ಪಾಠಕ್ರಮವನ್ನು ಕಟ್ಟುತ್ತ ಬಂದುದೇ ಇದಕ್ಕೆ ಕಾರಣ.

1952–53ರ ಮೊದಲಿಯಾರ್ ಆಯೋಗವು ಚರಿತ್ರೆ, ಭೂಗೋಳ, ಪೌರನೀತಿಗಳನ್ನು ಬಿಡಿಬಿಡಿಯಾಗಿ ಕಲಿಸದೆ ಒಟ್ಟಾಗಿ ಕಲಿಸಬೇಕೆಂದು ಸೂಚಿಸಿದ ಕಾಲದಿಂದ, 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟಿಗಾಗಿ ಕೂಡಿದ ವಿದ್ವಾಂಸರು ಪೌರನೀತಿಯ ಸ್ಥಾನಕ್ಕೆ ರಾಜ್ಯಶಾಸ್ತ್ರವು ಬರಬೇಕೆಂದು ಹೇಳಿದ ಕಾಲದವರೆಗೆ, ಹೆಸರುಗಳೂ ವಿಭಾಗಗಳೂ ಅನೇಕ ಬಾರಿ ಬದಲಾದುವು. ಈಗ ನಮ್ಮ ಪ್ರೌಢಶಾಲೆಯ ಸಮಾಜ ವಿಜ್ಞಾನದ ಪುಸ್ತಕದೊಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನಗಳೆಂಬ ಆರು ವಿಭಾಗಗಳು ಒಂದರ ಪಕ್ಕದಲ್ಲಿ ಒಂದು ಕುಳಿತಿವೆ. ಆದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಇದರ ಮೇಲೆ ಕಳೆದ ಹಲವು ವರ್ಷಗಳಿಂದ ನಮ್ಮ ರಾಜ್ಯದಲ್ಲಿ ಸರಕಾರಗಳು ಬದಲಾದಾಗಲೆಲ್ಲ ಪಠ್ಯಪುಸ್ತಕಗಳ ಪರಿಷ್ಕರಣೆಯೂ, ಅದರ ಬೆನ್ನಿಗೆ ತೀವ್ರವಾದ ವಾಗ್ವಾದವೂ ನಡೆಯುತ್ತ ಬಂದಿವೆ. ಯಾವ ಪಾಠವನ್ನು ಸೇರಿಸಬೇಕು, ಯಾರ ಹೆಸರನ್ನು ತೆಗೆಯಬೇಕು ಎಂಬ ಬಗ್ಗೆ ಪತ್ರಿಕೆಗಳ ಪುಟಗಳು ತುಂಬಿದುವು. ಸೇರಿಸಿದ ಪಾಠವನ್ನು ಹೇಗೆ ಕಲಿಸಬೇಕು ಎಂಬ ಬಗ್ಗೆ ಅದರ ನೂರರಲ್ಲೊಂದು ಪಾಲಿನಷ್ಟು ವಿಚಾರವೂ ನಡೆಯಲಿಲ್ಲ. ಎಷ್ಟೇ ಉತ್ತಮವಾದ ಪಾಠವಾದರೂ ಉರುಹೊಡೆದು ಒಪ್ಪಿಸುವುದಕ್ಕೆ ಮಾತ್ರ ಒದಗಿದರೆ, ಬಲಪಂಥದ ಪುಸ್ತಕಕ್ಕೂ ಎಡಪಂಥದ ಪುಸ್ತಕಕ್ಕೂ ಪರಿಣಾಮದಲ್ಲಿ ಭೇದವಿರಲಾರದು. ಎರಡೂ ಮಗುವಿಗೆ ಕಲಿಸುವುದು ಪರರ ತೀರ್ಪನ್ನು ಪ್ರಶ್ನಿಸದೆ ಅಂಗೀಕರಿಸುವ ಅಭ್ಯಾಸವನ್ನೇ.

ಈ ಲೇಖನದ ಅಭಿಪ್ರಾಯವು ಇಷ್ಟು: ಗತಕಾಲದ ಸಾಕ್ಷ್ಯವನ್ನು ತೂಗಿ ನೋಡುವ ಬುದ್ಧಿಯೂ, ವರ್ತಮಾನದಲ್ಲಿ ಅಧಿಕಾರಸ್ಥರಾಡುವ ಮಾತನ್ನು ತೂಗಿ ನೋಡುವ ಬುದ್ಧಿಯೂ ಎರಡಲ್ಲ, ಒಂದೇ. ಆದುದರಿಂದ ಚರಿತ್ರೆಯ ತರಗತಿಯಲ್ಲಿ ‘ಇದು ನಮಗೆ ತಿಳಿದುದು ಹೇಗೆ?’ ಎಂದು ಕೇಳಲು ಕಲಿತ ಮಗುವೇ ಪೌರನೀತಿಯ ತರಗತಿಯಲ್ಲಿ ‘ಇದನ್ನು ತೀರ್ಮಾನಿಸಿದವರು ಯಾರು, ತೀರ್ಮಾನಿಸುವ ಅಧಿಕಾರ ಅವರಿಗೆ ಎಲ್ಲಿಂದ ಬಂದಿತು?’ ಎಂದು ಕೇಳಬಲ್ಲುದು. ಇವೆರಡು ಪ್ರಶ್ನೆಗಳ ಸುತ್ತ ಎರಡು ವಿಷಯಗಳನ್ನೂ ಹೆಣೆದರೆ ಮಾತ್ರ ಪ್ರಜಾಪ್ರಭುತ್ವಕ್ಕೆ ಬೇಕಾದ ಪೌರನು ಶಾಲೆಯಿಂದ ಹೊರಬರಬಲ್ಲನು.

ಸಾಕ್ಷ್ಯವನ್ನು ವಿವೇಚಿಸುವ ಈ ಶಿಸ್ತು ಪಾಶ್ಚಾತ್ಯರಿಂದ ನಮಗೆ ಬಂದ ಹೊಸ ವಸ್ತುವೆಂದು ಭಾವಿಸಬೇಕಾದುದಿಲ್ಲ. ಹನ್ನೆರಡನೆಯ ಶತಮಾನದ ಕಾಶ್ಮೀರದಲ್ಲಿ ರಾಜತರಂಗಿಣಿಯನ್ನು ರಚಿಸಿದ ಕಲ್ಹಣನು, ಹಿಂದೆ ನಡೆದುದನ್ನು ನಿರೂಪಿಸುವವನು ರಾಗದ್ವೇಷಗಳನ್ನು ತೊರೆದು ನ್ಯಾಯಾಧೀಶನಂತೆ ಮಾತನಾಡಬೇಕೆಂದು ವಿಧಿಸಿದನು. ಹಿಂದಿನವರ ಗ್ರಂಥಗಳನ್ನಷ್ಟೇ ಅಲ್ಲದೆ ದೇವಾಲಯಗಳ ಪ್ರತಿಷ್ಠಾಶಾಸನಗಳನ್ನೂ ದಾನಪತ್ರಗಳನ್ನೂ ಪರಿಶೀಲಿಸಿ ತನ್ನ ಸಂದೇಹಗಳನ್ನು ಪರಿಹರಿಸಿಕೊಂಡೆನೆಂದೂ ತಿಳಿಸಿದನು. ನ್ಯಾಯಾಧೀಶನ ಪೀಠದಲ್ಲಿ ಕುಳಿತವನು ವಾದಿಯ ಮಾತನ್ನೂ ಕೇಳಬೇಕು, ಪ್ರತಿವಾದಿಯ ಮಾತನ್ನೂ ಕೇಳಬೇಕು, ಸಾಕ್ಷಿಯು ಕಣ್ಣಾರೆ ಕಂಡುದೆಷ್ಟು, ಕಿವಿಯಾರೆ ಕೇಳಿದುದೆಷ್ಟು, ಲಾಭಕ್ಕಾಗಿ ಹೇಳಿದುದೆಷ್ಟು ಎಂಬುದನ್ನು, ಗಾಳಿಗೆ ಹಿಡಿದ ಮೊರದಲ್ಲಿ ಕಾಳೂ ಜೊಳ್ಳೂ ಬೇರೆಯಾಗುವಂತೆ, ಬೇರ್ಪಡಿಸಿ ನೋಡಬೇಕು. ಕಲ್ಹಣನು ಗ್ರಂಥಕರ್ತನಲ್ಲಿ ಬಯಸಿದ ಈ ಗುಣವನ್ನು ಮತದಾನದ ಹಕ್ಕುಳ್ಳ ಪ್ರತಿಯೊಬ್ಬ ಪ್ರಜೆಯಲ್ಲಿಯೂ ನಾವು ಬಯಸಬೇಕಾದ ಕಾಲ ಬಂದಿದೆ.

ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ಕನ್ನಡ ನಾಡಿನಲ್ಲಿ ಇರುವಷ್ಟು ವಿಪುಲವಾಗಿ ದೇಶದ ಕೆಲವೇ ಪ್ರಾಂತಗಳಲ್ಲಿ ಇದ್ದೀತು. ದೃಷ್ಟಾಂತಕ್ಕೆ ನಮ್ಮ ರಾಜಧಾನಿಯ ಹೆಸರನ್ನೇ ತೆಗೆದುಕೊಳ್ಳೋಣ. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ಊರಿಗೆ ಆ ಹೆಸರು ಬಂದಿತೆಂಬ ಕಥೆಯನ್ನು ಮಕ್ಕಳೆಲ್ಲರೂ ಕೇಳಿರುತ್ತಾರೆ. ನಗರದ ದಕ್ಷಿಣದ ಅಂಚಿನ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದ ಆವರಣದಲ್ಲಿ, ಗಂಗರ ಕಾಲದ ಶಾಸನವೊಂದುಂಟು, ಸುಮಾರು ಕ್ರಿ.ಶ. 890ರದೆಂದು ವಿದ್ವಾಂಸರೆಣಿಸುವ ಆ ಕಲ್ಲಿನಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಬಲ್ಲಾಳನಾದರೋ ಅದಕ್ಕಿಂತ ಸುಮಾರು ಮುನ್ನೂರು ವರ್ಷ ಈಚಿನವನು. ಈ ಎರಡು ಸಂಗತಿಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಇವುಗಳಲ್ಲಿ ಯಾವುದನ್ನು ನಂಬೋಣ, ಏಕೆ ನಂಬೋಣ ಎಂದು ಉಪಾಧ್ಯಾಯನು ಕೇಳಿದರೆ, ಹನ್ನೆರಡು ವರ್ಷದ ಬಾಲಕಿಯೂ ತನ್ನ ಸ್ವಂತ ಬುದ್ಧಿಯಿಂದ ಸರಿಯಾದ ಉತ್ತರವನ್ನು ತಲಪಬಲ್ಲಳು. ಕಥೆಯನ್ನು ಹೀಗಳೆಯಬೇಕಾದುದಿಲ್ಲ, ಜನರು ಅಂತಹ ಕಥೆಯನ್ನು ಏಕೆ ಕಟ್ಟಿದರು, ಬಡ ಮುದುಕಿಯ ಆತಿಥ್ಯದಿಂದ ಊರೊಂದು ಹುಟ್ಟಿತೆಂದು ನೆನೆಯುವುದು ಅವರಿಗೆ ಏಕೆ ಪ್ರಿಯವಾಯಿತು ಎಂಬುದೂ ಚರಿತ್ರೆಯ ಪ್ರಶ್ನೆಯೇ. ಕಥೆಯ ಸತ್ಯ ಒಂದು ಬಗೆಯದು, ಕಲ್ಲಿನ ಸಾಕ್ಷ್ಯ ಇನ್ನೊಂದು ಬಗೆಯದು ಎಂಬ ವಿವೇಕ ಆ ಒಂದು ಗಂಟೆಯ ಪಾಠದಲ್ಲಿ ಲಭಿಸುತ್ತದೆ.

ರಾಜರ ವಂಶಾವಳಿಯೇ ಚರಿತ್ರೆಯಲ್ಲವೆಂಬುದನ್ನು ಮನಗಾಣಿಸುವುದಕ್ಕೆ ಮಂಡ್ಯ ಸೀಮೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು 949–50ರ ಕಾಲದ ವೀರಗಲ್ಲೊಂದು ಸಾಕು. ರಾಷ್ಟ್ರಕೂಟರ ಕೃಷ್ಣನು ಚೋಳರೊಡನೆ ತಕ್ಕೋಲದಲ್ಲಿ ಕಾದಿದ ಮಹಾಯುದ್ಧದ ವಾರ್ತೆಯೂ, ಗಂಗ ಬೂತುಗನ ಸೇವಕನಾದ ಮಣಲೇರನು ಯುದ್ಧದ ಪರಾಕ್ರಮಕ್ಕೆ ಪ್ರತಿಫಲವಾಗಿ ಕಾಳಿಯೆಂಬ ಬೇಟೆಯ ನಾಯಿಯನ್ನು ಬೇಡಿ ಪಡೆದ ವೃತ್ತಾಂತವೂ, ಆ ನಾಯಿ ಹಂದಿಯೊಡನೆ ಹೋರಾಡಿ ಮಡಿದಾಗ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ ಸಂಗತಿಯೂ ಅದೇ ಕಲ್ಲಿನಲ್ಲಿವೆ. ಸಾಮ್ರಾಜ್ಯಗಳ ಏಳುಬೀಳುಗಳ ನಡುವೆ ಮನುಷ್ಯನೊಬ್ಬನಿಗೆ ತನ್ನ ನಾಯಿಯ ಮೇಲಿದ್ದ ಪ್ರೀತಿಯೂ ಸಹಸ್ರ ವರ್ಷ ಉಳಿದುಬಂದಿತೆಂಬುದನ್ನು ಕಂಡ ಮಗುವಿಗೆ, ಹಿಂದಿನವರೂ ತನ್ನಂತೆಯೇ ನಕ್ಕು ಅತ್ತು ಬಾಳಿದ ಮನುಷ್ಯರು ಎಂಬ ಆತ್ಮೀಯತೆ ಹುಟ್ಟುತ್ತದೆ. ಆ ಆತ್ಮೀಯತೆಯಿಲ್ಲದೆ ತಾರೀಖುಗಳ ಪಟ್ಟಿಗೆ ಜೀವ ಬರಲಾರದು.

ಇನ್ನು ಚರಿತ್ರೆಯನ್ನೂ ಪೌರನೀತಿಯನ್ನೂ ಒಂದೇ ಪಾಠದಲ್ಲಿ ಕಲಿಸಲು ಶ್ರವಣಬೆಳಗೊಳದ 1368ನೆಯ ಇಸವಿಯ ಶಾಸನಕ್ಕಿಂತ ಉತ್ತಮವಾದ ಆಧಾರವನ್ನು ನಾನು ಕಾಣೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ರಾಯನು ಎರಡು ಪಕ್ಷದ ಮುಖಂಡರನ್ನೂ, ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ ಮೊದಲಾದ ಸ್ಥಳಗಳ ಆಚಾರ್ಯರನ್ನೂ ಕೂಡಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಈ ಎರಡು ದರ್ಶನಗಳಿಗೆ ಭೇದವಿಲ್ಲವೆಂದೂ, ಜೈನರಿಗೆ ಹಿಂದಿನಿಂದ ಸಲ್ಲುತ್ತಿದ್ದ ವಾದ್ಯ ಕಲಶಗಳ ಮರ್ಯಾದೆಯು ಮುಂದೆಯೂ ಸಲ್ಲಬೇಕೆಂದೂ, ಅವರಿಗಾದ ಹಾನಿಯನ್ನು ವೈಷ್ಣವರು ತಮಗಾದ ಹಾನಿಯೆಂದೇ ತಿಳಿಯಬೇಕೆಂದೂ ನಿರ್ಣಯಿಸಿದನು. ನಿರ್ಣಯವು ಮಾತಿನಲ್ಲಿಯೇ ನಿಲ್ಲಲಿಲ್ಲ: ಬೆಳಗೊಳದ ದೇವರಿಗೆ ಕಾವಲುಗಾರರನ್ನು ನೇಮಿಸುವುದಕ್ಕೂ ಜೀರ್ಣವಾದ ಜಿನಾಲಯಗಳನ್ನು ದುರಸ್ತಿ ಮಾಡಿಸುವುದಕ್ಕೂ ಜೈನರ ಮನೆಮನೆಯಿಂದ ಹಣವನ್ನು ಕೂಡಿಸುವ ಏರ್ಪಾಡಾಯಿತು; ಆ ಏರ್ಪಾಡನ್ನು ನಡೆಸುವ ಹೊಣೆ ವೈಷ್ಣವನಾದ ತಾತಯ್ಯನ ಮೇಲೆ ಬಿದ್ದಿತು.

ಈ ಶಾಸನವನ್ನು ಸಹಿಷ್ಣುತೆಯ ನಿದರ್ಶನವೆಂದು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುವುದು ವಾಡಿಕೆ. ಅದರಲ್ಲಿ ಒಂದು ರಾಜ್ಯವ್ಯವಸ್ಥೆಯ ಸಕಲ ಅಂಗಗಳೂ ಅಡಗಿವೆಯೆಂಬುದನ್ನು ತೋರಿಸಿಕೊಡುವುದು ಉಪಾಧ್ಯಾಯನ ಕೆಲಸ. ದೂರು ಯಾರದು? ವಿಚಾರಣೆ ಯಾರೆದುರು ನಡೆಯಿತು? ತೀರ್ಪು ಏನು? ಅದನ್ನು ಜಾರಿಗೆ ತರುವವರು ಯಾರು? ಖರ್ಚು ಯಾರದು? ರಕ್ಷಣೆ ಬೇಡಿದವರೇ ರಕ್ಷಣೆಯ ವೆಚ್ಚವನ್ನು ಕೊಡಬೇಕಾಗಿ ಬಂದುದು ನ್ಯಾಯವೆ? ಇಷ್ಟನ್ನು ಚರ್ಚಿಸಿದ ಬಳಿಕ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬರುತ್ತದೆ: ಬುಕ್ಕರಾಯನು ಧರ್ಮಿಷ್ಠನಾಗಿದ್ದುದರಿಂದ ಜೈನರಿಗೆ ನ್ಯಾಯ ದೊರೆಯಿತು, ಆತನ ಸ್ಥಾನದಲ್ಲಿ ಪಕ್ಷಪಾತಿಯಾದ ದೊರೆ ಇದ್ದಿದ್ದರೆ ಏನಾಗುತ್ತಿತ್ತು? ಆಗ ಭಾರತ ಸಂವಿಧಾನದ ಇಪ್ಪತ್ತೈದನೆಯ ಅನುಚ್ಛೇದವನ್ನು ಮಕ್ಕಳ ಮುಂದೆ ತೆರೆದಿಟ್ಟರೆ, ದೊರೆಯ ದಯೆಯಿಂದ ದೊರೆತ ರಕ್ಷಣೆಗೂ ಪ್ರಜೆಯ ಹಕ್ಕಾಗಿ ಇರುವ ರಕ್ಷಣೆಗೂ ಇರುವ ಮಹದಂತರವು ಅವರಿಗೆ ತಾನಾಗಿಯೇ ಹೊಳೆಯುತ್ತದೆ. ಮೂಲಭೂತ ಹಕ್ಕುಗಳ ಪಟ್ಟಿಯನ್ನು ಹತ್ತು ಸಲ ಕಂಠಪಾಠ ಮಾಡಿದರೂ ಹೊಳೆಯದ ತತ್ತ್ವವಿದು.

ದಯೆಯಿಂದ ಹಕ್ಕಿಗೆ ನಾವು ನಡೆದುಬಂದ ಹಾದಿಯೂ ದೂರದ ದೇಶದ ಕಥೆಯಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಕೂಡಿದಾಗ ಅದರಲ್ಲಿದ್ದವರು 144 ಮಂದಿ. ಬಹುಮಟ್ಟಿಗೆ ಭೂಮಾಲಿಕರು, ವರ್ತಕರು. ಅಹವಾಲನ್ನು ಹೇಳಿಕೊಳ್ಳುವ ಅವಕಾಶ ಅವರಿಗಿತ್ತೇ ಹೊರತು ಶಾಸನವನ್ನು ಮಾಡುವ ಅಧಿಕಾರವಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. 1923ರಲ್ಲಿ ಮಹಿಳೆಯರಿಗೂ ಮತಾಧಿಕಾರ ದೊರೆಯಿತು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜಸತ್ಯಾಗ್ರಹ ನಡೆದು, ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಗುಂಡು ಹಾರಿತು. ಅಲ್ಲಿ ಮಡಿದವರ ಸಂಖ್ಯೆಯ ವಿಷಯದಲ್ಲಿ ಸರಕಾರದ ಲೆಕ್ಕವೊಂದು, ಜನರ ಹೇಳಿಕೆಯೊಂದು. ಈ ವ್ಯತ್ಯಾಸವನ್ನು ಮುಚ್ಚಿಟ್ಟು ಒಂದೇ ಸಂಖ್ಯೆಯನ್ನು ಬರೆಯಿಸುವುದಕ್ಕಿಂತ, ಎರಡು ಲೆಕ್ಕಗಳು ಏಕೆ ಹುಟ್ಟುತ್ತವೆ, ವಿಚಾರಣೆಯ ಸಮಿತಿಗಳು ಏಕೆ ನೇಮಕವಾಗುತ್ತವೆ, ಅಧಿಕಾರದಲ್ಲಿರುವವರು ತಮ್ಮ ಮೇಲಿನ ಆರೋಪವನ್ನು ತಾವೇ ವಿಚಾರಿಸಿಕೊಂಡರೆ ಏನಾಗುತ್ತದೆ ಎಂದು ಕೇಳುವುದರಲ್ಲಿ ಚರಿತ್ರೆ ಮತ್ತು ಪೌರನೀತಿಗಳೆರಡರ ಸಾರವೂ ಇದೆ. 1947ರ ಅಕ್ಟೋಬರ್‌ನಲ್ಲಿ ಮೈಸೂರು ಚಲೋ ಚಳವಳಿಯ ಫಲವಾಗಿ ಜವಾಬ್ದಾರಿ ಸರಕಾರ ಬಂದುದನ್ನು ಈ ಸರಣಿಯ ಕೊನೆಯಲ್ಲಿ ಓದಿದ ಮಗುವಿಗೆ, ಮತದಾನದ ಹಕ್ಕು ಆಕಾಶದಿಂದ ಬಿದ್ದುದಲ್ಲವೆಂಬ ಅರಿವು ಮೂಡುತ್ತದೆ.

ವಿವಾದಾಸ್ಪದರಾದ ವ್ಯಕ್ತಿಗಳ ವಿಷಯದಲ್ಲಿ ಉಪಾಧ್ಯಾಯರು ಹೆದರುವುದು ಸಹಜ; ಆದರೆ ಈ ಕ್ರಮವು ಬಹುವಾಗಿ ನೆರವಾಗುವುದು ಅಲ್ಲಿಯೇ. ಟಿಪ್ಪು ಸುಲ್ತಾನನ ಪಾಠವನ್ನು ಇಡಬೇಕೋ ತೆಗೆಯಬೇಕೋ ಎಂದು ನಾಡೇ ಎರಡಾಗಿ ಜಗಳವಾಡಿದೆ. 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿಯನ್ನು ಸೂರೆಮಾಡಿದಾಗ, ಶಾರದೆಯ ಪುನಃಪ್ರತಿಷ್ಠೆಗೆ ನೆರವನ್ನಿತ್ತು ಆತನು ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು ಮಠದಲ್ಲಿ ದೊರೆತಿವೆ. ಅದೇ ಅರಸನು 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದುದೂ, ಕೊಡಗಿನ ಜನರನ್ನು ಸೆರೆಯೊಯ್ದುದೂ ಚರಿತ್ರೆಯೇ. ಒಂದನ್ನು ಮಾತ್ರ ಹೇಳುವ ಪಾಠವೂ, ಇನ್ನೊಂದನ್ನು ಮಾತ್ರ ಹೇಳುವ ಪಾಠವೂ ಮಗುವನ್ನು ಒಂದು ಪಕ್ಷದ ಸೈನಿಕನನ್ನಾಗಿ ಮಾಡುತ್ತವೆ. ಎರಡನ್ನೂ ಮುಂದಿಟ್ಟು, ಪತ್ರವನ್ನು ಬರೆದವರು ಯಾರು, ಯಾವ ಕಾಲದಲ್ಲಿ, ಯಾವ ಅವಶ್ಯಕತೆಯಿಂದ ಬರೆದರು, ಸೆರೆಯ ವೃತ್ತಾಂತ ನಮಗೆ ಬಂದುದು ಯಾರ ಲೇಖನಿಯಿಂದ, ರಾಜಕೀಯ ಶತ್ರುತ್ವವೆಷ್ಟು, ಮತದ ಕಾರಣವೆಷ್ಟು ಎಂದು ವಿಚಾರಿಸಹಚ್ಚಿದರೆ, ಮಕ್ಕಳು ಕೊನೆಗೆ ಭಿನ್ನಭಿನ್ನ ನಿರ್ಣಯಗಳಿಗೆ ಬಂದರೂ ಬರಲಿ. ಆಧಾರವಿಲ್ಲದ ಹೊಗಳಿಕೆಯನ್ನಾಗಲಿ ಆಧಾರವಿಲ್ಲದ ನಿಂದೆಯನ್ನಾಗಲಿ ಅವರು ಮುಂದೆ ಸುಲಭವಾಗಿ ನುಂಗಲಾರರು.

ಹಾಗೆಂದು ಸಾಕ್ಷ್ಯವೆಂದರೆ ಕಲ್ಲೂ ಕಾಗದವೂ ಮಾತ್ರವೇ ಅಲ್ಲ. 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರಕಾರದ ಕಾಲದಲ್ಲಿ, ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು ಜಾರಿಗೆ ಬಂದು ಗೇಣಿದಾರರು ಭೂನ್ಯಾಯ ಮಂಡಳಿಗಳ ಮುಂದೆ ಅರ್ಜಿ ಹಾಕಿಕೊಂಡು ಉಳುವ ನೆಲಕ್ಕೆ ಒಡೆಯರಾದ ಕಥೆಯನ್ನು ಬಲ್ಲ ಅಜ್ಜ ಅಜ್ಜಿಯರು ಊರೂರಿನಲ್ಲಿ ಇನ್ನೂ ಇದ್ದಾರೆ. ಭೂಮಿಯನ್ನು ಕಳೆದುಕೊಂಡವರ ಮನೆಗಳೂ ಇವೆ. ಅರ್ಜಿ ಹಾಕಲು ಧೈರ್ಯ ಸಾಲದೆ ಹಿಂದುಳಿದ ಕೂಲಿಗಳ ಮನೆಗಳೂ ಇವೆ. ಹತ್ತನೆಯ ತರಗತಿಯ ಮಕ್ಕಳು ಈ ಮೂವರ ಮಾತನ್ನೂ ಕೇಳಿ ಬರೆದುಕೊಂಡು, ಪಹಣಿಯಲ್ಲಿರುವುದರೊಡನೆ ಹೋಲಿಸಿ ನೋಡಿದರೆ, ವಿಧಾನಸೌಧದಲ್ಲಿ ಅಂಗೀಕೃತವಾದ ಒಂದು ಕಾಯಿದೆಯು ತಮ್ಮೂರಿನ ಹೊಲದ ಬದುವಿನವರೆಗೆ ಹೇಗೆ ಬಂದು ಮುಟ್ಟಿತೆಂಬುದು ಅವರಿಗೆ ಪ್ರತ್ಯಕ್ಷವಾಗುತ್ತದೆ. ಮಸೂದೆಯು ಕಾಯಿದೆಯಾಗುವ ಹಂತಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಬಳಿಕ ಉತ್ತರ ಬರೆಯುವುದು ಕಷ್ಟವಾಗದು. ಬರೆದುದರ ಅರ್ಥವೂ ತಿಳಿದಿರುತ್ತದೆ.

ಪೌರನೀತಿಯ ಪಾಠವು ರಾಷ್ಟ್ರಪತಿಯ ಅಧಿಕಾರಗಳಿಂದ ಆರಂಭವಾಗಿ ಕೆಳಕ್ಕೆ ಇಳಿಯುವುದಕ್ಕೆ ಬದಲಾಗಿ ಗ್ರಾಮ ಪಂಚಾಯಿತಿಯಿಂದ ಆರಂಭವಾಗಿ ಮೇಲಕ್ಕೆ ಏರಬೇಕು. ಪಂಚಾಯತ್ ರಾಜ್ಯದ ಇತಿಹಾಸದಲ್ಲಿ ಕರ್ನಾಟಕಕ್ಕೆ ವಿಶಿಷ್ಟವಾದ ಸ್ಥಾನವಿದೆ. ಅಬ್ದುಲ್ ನಜೀರ್ ಸಾಬರ ಪ್ರಯತ್ನದಿಂದ ರೂಪುಗೊಂಡ 1983ರ ಕಾಯಿದೆಯು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಅಧಿಕಾರವನ್ನು ಕೊಟ್ಟು ಸ್ತ್ರೀಯರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನು ಮೀಸಲಾಗಿಟ್ಟುದು ಸಂವಿಧಾನದ 73ನೆಯ ತಿದ್ದುಪಡಿಗಿಂತ ಎಷ್ಟೋ ಮೊದಲು. ಇಂತಹ ನಾಡಿನ ಮಕ್ಕಳು ತಮ್ಮೂರಿನ ಗ್ರಾಮಸಭೆಯನ್ನು ಒಮ್ಮೆಯೂ ನೋಡದೆ ಗ್ರಾಮಸಭೆಯ ಮಹತ್ವವನ್ನು ಕುರಿತು ಪ್ರಬಂಧ ಬರೆಯುವುದು ಶೋಚನೀಯ. ವರ್ಷಕ್ಕೊಮ್ಮೆ ಪಂಚಾಯಿತಿಯ ಲೆಕ್ಕವನ್ನು ಜನರೆದುರು ಇಡುವ ಜಮಾಬಂದಿಯ ದಿನ ಮಕ್ಕಳನ್ನು ಕರೆದೊಯ್ಯಬಹುದು. ಮನೆ ಕಂದಾಯದ ರಸೀದಿಯನ್ನು ತರಗತಿಗೆ ತರಿಸಿ, ಆ ಹಣ ಎಲ್ಲಿಗೆ ಹೋಗಿ ಯಾವ ರೂಪದಲ್ಲಿ ಹಿಂದಿರುಗುತ್ತದೆಂದು ವಿಚಾರಿಸಬಹುದು. ಮಕ್ಕಳ ಗ್ರಾಮಸಭೆಯೆಂಬ ಉತ್ತಮವಾದ ಪದ್ಧತಿಯೊಂದು ನಮ್ಮ ರಾಜ್ಯದಲ್ಲಿ ಈಗಾಗಲೇ ಇದೆ. ಅಲ್ಲಿ ಮಕ್ಕಳು ಶೌಚಾಲಯ, ಕುಡಿಯುವ ನೀರು, ಶಾಲೆಗೆ ಬರುವ ದಾರಿ ಇವುಗಳನ್ನು ಕುರಿತು ಕೇಳಿದ ಪ್ರಶ್ನೆಗಳಿಗೆ ಮುಂದಿನ ವರ್ಷದ ಸಭೆಯಲ್ಲಿ ಲಿಖಿತವಾದ ಉತ್ತರ ಬರುವಂತಾದರೆ ಆ ಸಭೆಯು ಸಾರ್ಥಕ. ಭಾಷಣ, ಚಪ್ಪಾಳೆ, ಸಿಹಿಯ ವಿತರಣೆಗಳಲ್ಲಿ ಮುಗಿದುಹೋದರೆ, ಸಭೆಗಳೆಂದರೆ ಬರಿಯ ಶಾಸ್ತ್ರವೆಂಬ ಪಾಠವನ್ನೇ ಅದು ಕಲಿಸಿ ಹೋಗುತ್ತದೆ.

ಶಾಲೆಯ ನಡವಳಿಕೆಯೇ ಒಂದು ಮೌನವಾದ ಪಠ್ಯಪುಸ್ತಕವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪ್ರತಿದಿನ ಪ್ರಾರ್ಥನೆಯ ವೇಳೆ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಿ, ಅನಂತರ ಕೊಠಡಿಯನ್ನು ಗುಡಿಸುವ ಕೆಲಸಕ್ಕೆ ಹುಡುಗಿಯರನ್ನು ಮಾತ್ರ ಕರೆಯುವ ಶಾಲೆಯಲ್ಲಿ ಸಮಾನತೆಯ ಪಾಠ ಅಂದೇ ಅಳಿಸಿಹೋಗುತ್ತದೆ. ಬಿಸಿಯೂಟದ ಪಂಕ್ತಿಯಲ್ಲಿ ಜಾತಿಯ ನೆರಳು ಸುಳಿದರೂ ಕಂಡು ಕಾಣದಂತಿರುವ ಊರಿನಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿದ ಹದಿನೇಳನೆಯ ಅನುಚ್ಛೇದವನ್ನು ಎಷ್ಟು ಬಾರಿ ಬರೆಯಿಸಿದರೂ ಫಲವಿಲ್ಲ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಶಾಲೆಯಲ್ಲಿಯಾದರೋ ಆ ಅನುಚ್ಛೇದವು ಓದದೆಯೇ ಅರ್ಥವಾಗುತ್ತದೆ. ಶಾಲಾ ಸಂಸತ್ತಿನ ಚುನಾವಣೆಗಳನ್ನು ಗುಪ್ತಮತದಿಂದ ನಡೆಯಿಸಿ, ಗೆದ್ದವರಿಗೆ ಗ್ರಂಥಾಲಯದ ವೇಳೆ, ಆಟದ ಮೈದಾನದ ಹಂಚಿಕೆ, ನೀರಿನ ತೊಟ್ಟಿಯ ಶುಚಿತ್ವ ಇಂತಹ ಕೆಲವು ವಿಷಯಗಳಲ್ಲಿಯಾದರೂ ನಿಜವಾದ ಅಧಿಕಾರವನ್ನು ಕೊಟ್ಟು, ಸೋತವರಿಗೆ ಅವರನ್ನು ಪ್ರಶ್ನಿಸುವ ಹಕ್ಕನ್ನೂ ಕೊಟ್ಟರೆ, ಆಡಳಿತವೆಂಬುದು ಎಷ್ಟು ಕಠಿನವಾದ ಕಾರ್ಯವೆಂಬುದೂ, ವಿರೋಧಪಕ್ಷವು ಏಕೆ ಬೇಕೆಂಬುದೂ ಮಕ್ಕಳಿಗೆ ಅನುಭವದಿಂದಲೇ ತಿಳಿಯುತ್ತವೆ. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಭೆಯ ಮುಂದಿಡುತ್ತ ಅಂಬೇಡ್ಕರರು, ಸಾಂವಿಧಾನಿಕ ನೀತಿಯು ಮನುಷ್ಯನಿಗೆ ಹುಟ್ಟಿನಿಂದ ಬರುವ ಭಾವವಲ್ಲ, ಅದನ್ನು ಬೆಳೆಸಿಕೊಳ್ಳಬೇಕಾಗುತ್ತದೆ, ನಮ್ಮ ಜನರು ಅದನ್ನು ಇನ್ನೂ ಕಲಿಯಬೇಕಾಗಿದೆ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಕಲಿಯುವುದು ಎಲ್ಲಿ ಎಂದು ಕೇಳಿದರೆ, ಎಲ್ಲ ಜಾತಿ ಮತಗಳ ಮಕ್ಕಳೂ ಒಂದೆಡೆ ಕೂಡುವ ಸರಕಾರಿ ಶಾಲೆಗಿಂತ ಯೋಗ್ಯವಾದ ಸ್ಥಳ ಬೇರೊಂದು ಯಾವುದಿದೆ?

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ಪರಿಶೀಲಿಸದೆ ಬಿಡುವುದು ಸರಿಯಲ್ಲ. ಎಳೆಯ ಮನಸ್ಸಿನಲ್ಲಿ ಸಂದೇಹವನ್ನು ಬಿತ್ತುವುದು ಯೋಗ್ಯವೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ, ಆದುದರಿಂದಲೇ ಕ್ರಮವೊಂದನ್ನು ಅನುಸರಿಸಬೇಕು. ಕೆಳಗಿನ ತರಗತಿಗಳಲ್ಲಿ ಕಥೆಯೇ ಪ್ರಧಾನವಾಗಿರಲಿ. ಕಿತ್ತೂರಿನ ಚೆನ್ನಮ್ಮನನ್ನೂ ಸಂಗೊಳ್ಳಿಯ ರಾಯಣ್ಣನನ್ನೂ ಮಗು ಮನಸಾರೆ ಮೆಚ್ಚಲಿ. ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಊರಿನ ಕೆರೆ, ಗುಡಿ, ವೀರಗಲ್ಲು, ಹಳೆಯ ಪತ್ರಗಳು ಪಾಠಕ್ಕೆ ಬರಲಿ. ಪ್ರೌಢಶಾಲೆಯಲ್ಲಿ ವಾದ, ಪ್ರತಿವಾದ, ನಿರ್ಣಯಗಳ ಅಭ್ಯಾಸವಾಗಲಿ. ಪ್ರಶ್ನಿಸುವ ಅಭ್ಯಾಸದಿಂದ ದೇಶಭಕ್ತಿ ಕುಂದುತ್ತದೆಂಬುದು ಎರಡನೆಯ ಆಕ್ಷೇಪಣೆ. ಸಾಕ್ಷ್ಯಕ್ಕೆ ಅಂಜುವ ಭಕ್ತಿಯು ಮೊದಲ ಎದುರುಮಾತಿಗೇ ಕುಸಿಯುತ್ತದೆ, ಇಲ್ಲವೆ ಕೋಪವಾಗಿ ಮಾರ್ಪಡುತ್ತದೆ. ದೇಶದ ಹಿರಿಮೆಯನ್ನೂ ಅದರ ತಪ್ಪುಗಳನ್ನೂ ಅರಿತು ಪ್ರೀತಿಸುವವನ ಭಕ್ತಿಯು ಮಾತ್ರ ಕಷ್ಟಕಾಲದಲ್ಲಿ ನಿಲ್ಲುತ್ತದೆ. ರಾಜಕೀಯದಲ್ಲಿ ವ್ಯಕ್ತಿಪೂಜೆಯು ಅಧೋಗತಿಯ ಹಾದಿಯೆಂದು 1949ರ ನವೆಂಬರ್ 25ರಂದು ಅಂಬೇಡ್ಕರರು ಕೊಟ್ಟ ಎಚ್ಚರಿಕೆಯನ್ನು ಇಲ್ಲಿ ನೆನೆಯಬೇಕು.

ಮೂರನೆಯ ಆಕ್ಷೇಪಣೆಯು ಹೆಚ್ಚು ಗಂಭೀರವಾದುದು. ಇಸವಿಗಳನ್ನೂ ಘಟನೆಗಳ ಅನುಕ್ರಮವನ್ನೂ ಅರಿಯದ ಮಗು ಏನನ್ನು ವಿಚಾರಿಸೀತು ಎಂದು ಅನುಭವಿಗಳಾದ ಉಪಾಧ್ಯಾಯರು ಕೇಳುತ್ತಾರೆ. ಅವರು ಕೇಳುವುದು ನ್ಯಾಯವಾಗಿದೆ. ಕಾಲಕ್ರಮದ ಜ್ಞಾನವಿಲ್ಲದ ವಿಚಾರವು ಹರಟೆಯಾಗಿ ಪರಿಣಮಿಸುತ್ತದೆ. ಗಂಗರು ಮೊದಲೋ ಹೊಯ್ಸಳರು ಮೊದಲೋ ಎಂದು ತಿಳಿಯದವನಿಗೆ ಬೇಗೂರಿನ ಕಲ್ಲು ಏನನ್ನೂ ಹೇಳಲಾರದು. ಆದುದರಿಂದ ಮುಖ್ಯವಾದ ಕೆಲವು ಇಸವಿಗಳನ್ನು ಕಂಠಪಾಠ ಮಾಡಿಸುವುದರಲ್ಲಿ ದೋಷವಿಲ್ಲ. ಅಷ್ಟಕ್ಕೆ ಪಾಠವು ಮುಗಿಯಿತೆಂದು ಎಣಿಸುವುದರಲ್ಲಿಯೇ ದೋಷ. ನಾಲ್ಕನೆಯ ಆಕ್ಷೇಪಣೆಯು ಪರೀಕ್ಷೆಯನ್ನು ಕುರಿತದ್ದು. ಪ್ರಶ್ನೆಪತ್ರಿಕೆಯು ಹೇಗಿರುತ್ತದೆಯೋ ಪಾಠವೂ ಹಾಗೆಯೇ ಇರುತ್ತದೆಂಬುದು ಎಲ್ಲರೂ ಬಲ್ಲ ಮಾತು. ಹತ್ತನೆಯ ತರಗತಿಯ ಪತ್ರಿಕೆಯಲ್ಲಿ, ಮಕ್ಕಳು ಹಿಂದೆ ಓದಿರದ ಶಾಸನದ ಭಾಗವೊಂದನ್ನೋ, ಹಳೆಯ ಪತ್ರವೊಂದನ್ನೋ, ಪಂಚಾಯಿತಿಯ ಲೆಕ್ಕದ ಒಂದು ಪುಟವನ್ನೋ ಸರಳಗನ್ನಡದಲ್ಲಿ ಕೊಟ್ಟು, ಇದರಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬ ಒಂದೇ ಒಂದು ಪ್ರಶ್ನೆಯನ್ನು ಕಡ್ಡಾಯ ಮಾಡಿದರೆ, ಎರಡು ಮೂರು ವರ್ಷಗಳೊಳಗೆ ನಾಡಿನ ತರಗತಿಗಳೆಲ್ಲವೂ ಬದಲಾಗುವುವೆಂದು ನಾನು ದೃಢವಾಗಿ ನಂಬಿದ್ದೇನೆ.

ಇದಕ್ಕೆಲ್ಲ ಅಪಾರವಾದ ಧನವೇನೂ ಬೇಡ. ಬಿ. ಎಲ್. ರೈಸರು 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಗೊಂಡು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿಯೇ ವಿಂಗಡಿಸಲ್ಪಟ್ಟಿವೆ. ಪ್ರತಿ ತಾಲ್ಲೂಕಿಗೂ ಹತ್ತು ಶಾಸನಗಳನ್ನು ಆರಿಸಿ, ಹೊಸಗನ್ನಡದ ಅರ್ಥದೊಡನೆ ಕಿರುಪುಸ್ತಕವಾಗಿ ಮುದ್ರಿಸಿ ಶಾಲೆಗಳಿಗೆ ಹಂಚುವ ಕಾರ್ಯವನ್ನು ನಮ್ಮ ವಿಶ್ವವಿದ್ಯಾನಿಲಯಗಳು ಸುಲಭವಾಗಿ ನೆರವೇರಿಸಬಲ್ಲವು. ಧನಕ್ಕಿಂತ ಹೆಚ್ಚಾಗಿ ಬೇಕಾದುದು ಉಪಾಧ್ಯಾಯರಿಗೆ ಅಭಯ. ಎರಡು ಪಕ್ಷಗಳ ಮಾತನ್ನೂ ತರಗತಿಯಲ್ಲಿ ಇಟ್ಟುದಕ್ಕಾಗಿ ದೂರು, ನೋಟೀಸು, ವರ್ಗಾವಣೆಗಳ ಭಯವಿರುವಲ್ಲಿ ಯಾವ ವಿವೇಕಿಯೂ ಪುಸ್ತಕದ ಸಾಲನ್ನು ದಾಟಿ ಮಾತನಾಡಲಾರನು. ಆಧಾರವನ್ನು ತೋರಿಸಿ ಪಾಠ ಮಾಡಿದ ಉಪಾಧ್ಯಾಯನ ಬೆಂಬಲಕ್ಕೆ ಇಲಾಖೆಯೂ ಪೋಷಕರೂ ನಿಲ್ಲುವುದು ಈ ಸುಧಾರಣೆಯ ಮೊದಲ ಷರತ್ತು.

ಸಂವಿಧಾನದ 61ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿತು. ನಮ್ಮ ಮಕ್ಕಳು ಎಸ್.ಎಸ್.ಎಲ್.ಸಿ. ಮುಗಿಸುವುದು ಹದಿನೈದು ಹದಿನಾರರ ಪ್ರಾಯದಲ್ಲಿ. ಅಲ್ಲಿಗೆ ಓದು ನಿಲ್ಲಿಸಿದವರೂ, ಮುಂದೆ ವಿಜ್ಞಾನವನ್ನು ಆರಿಸಿಕೊಂಡವರೂ ಮತಗಟ್ಟೆಗೆ ಹೋಗುವುದರೊಳಗೆ ಚರಿತ್ರೆಯ ಇನ್ನೊಂದು ತರಗತಿಯಲ್ಲಿ ಕುಳಿತುಕೊಳ್ಳುವುದಿಲ್ಲ. ಅವರ ಪಾಲಿಗೆ ಹತ್ತನೆಯ ತರಗತಿಯ ಉಪಾಧ್ಯಾಯನೇ ಈ ವಿಷಯದ ಕೊನೆಯ ಗುರು. ಪಠ್ಯದಲ್ಲಿ ಯಾರ ಹೆಸರಿರಬೇಕೆಂಬ ಜಗಳವನ್ನು ಸ್ವಲ್ಪ ಕಾಲ ಬದಿಗಿಟ್ಟು, ಆ ಗುರುವಿಗೆ ಬೇಕಾದ ಪುಸ್ತಕವನ್ನೂ ವೇಳೆಯನ್ನೂ ಸ್ವಾತಂತ್ರ್ಯವನ್ನೂ ಒದಗಿಸಿಕೊಡುವ ಕಾರ್ಯಕ್ಕೆ ಸರಕಾರವೂ ವಿದ್ವಾಂಸರೂ ಪೋಷಕರೂ ಇಂದೇ ಕೈಹಚ್ಚಬೇಕು.